ಮಂಡಲಿಯ ಭುಜಬಲ ಗಂಗನೂ ಅವನ ಮನೆತನವೂ

ತಲಕಾಡಿನ ಗಂಗರ ಹೆಸರು ಕರ್ನಾಟಕದ ಇತಿಹಾಸಾಭ್ಯಾಸಿಗಳಿಗೆಲ್ಲ ಸುಪರಿಚಿತವಾದುದು. ಕ್ರಿ.ಶ. ೯೪೯ರಲ್ಲಿ ತಕ್ಕೋಲದ ಕಾಳಗದಲ್ಲಿ ಚೋಳ ರಾಜಾದಿತ್ಯನನ್ನು ಕೆಡಹಿದ ಇಮ್ಮಡಿ ಬೂತುಗ, ಬಂಕಾಪುರದಲ್ಲಿ ಅಜಿತಸೇನಾಚಾರ್ಯರ ಸನ್ನಿಧಿಯಲ್ಲಿ ಸಲ್ಲೇಖನವ್ರತದಿಂದ ದೇಹವನ್ನು ಬಿಟ್ಟ ಮಾರಸಿಂಹ, ಶ್ರವಣಬೆಳಗೊಳದ ಗೊಮ್ಮಟವಿಗ್ರಹವನ್ನು ಮಾಡಿಸಿದ ಚಾವುಂಡರಾಯ, ಇವರೆಲ್ಲರೂ ಆ ರಾಜ್ಯಕ್ಕೆ ಸೇರಿದವರು. ಕ್ರಿ.ಶ. ೧೦೦೪ರ ಸುಮಾರಿನಲ್ಲಿ ತಲಕಾಡು ಚೋಳರ ವಶವಾದುದರೊಡನೆ ಗಂಗರ ಚರಿತ್ರೆ ಮುಗಿಯಿತೆಂದು ಹೇಳಿ ನಮ್ಮ ಪಠ್ಯಗ್ರಂಥಗಳು ಮುಂದಿನ ಪ್ರಕರಣಕ್ಕೆ ಸಾಗುತ್ತವೆ. ರಾಜ್ಯವು ಮುಗಿದದ್ದು ನಿಜ. ಆದರೆ ವಂಶವು ಮುಗಿಯಲಿಲ್ಲ. ರಾಜಧಾನಿಯನ್ನು ಕಳೆದುಕೊಂಡ ಮೇಲೆ ನೂರು ವರ್ಷಗಳಿಗೂ ಮಿಗಿಲಾಗಿ ಗಂಗರ ಒಂದು ಮನೆತನವು ತುಂಗಾಭದ್ರೆಯರ ನಡುವಣ ನೆಲದಲ್ಲಿ, ಎಂದರೆ ಇಂದಿನ ಶಿವಮೊಗ್ಗ ಭದ್ರಾವತಿಗಳ ಆಸುಪಾಸಿನಲ್ಲಿ, ಕಲ್ಯಾಣದ ಚಾಲುಕ್ಯರ ಸಾಮಂತರಾಗಿ ಬಾಳಿತು. ಆ ಮನೆತನದ ಭುಜಬಲ ಗಂಗ ಪೆರ್ಮಾಡಿಯೆಂಬ ಮಹಾಮಂಡಲೇಶ್ವರನನ್ನೂ ಅವನ ಕುಟುಂಬವನ್ನೂ ಕುರಿತು ಶಾಸನಗಳಿಂದ ತಿಳಿದುಬರುವ ಸಂಗತಿಗಳನ್ನು ಒಂದೆಡೆ ಸೇರಿಸುವುದೂ, ಆ ಸಂಗತಿಗಳಿಂದ ಗಂಗರ ಮೂಲಚರಿತ್ರೆಯ ಮೇಲೆ ಬೀಳುವ ಬೆಳಕನ್ನು ಪರಿಶೀಲಿಸುವುದೂ ಪ್ರಕೃತ ಲೇಖನದ ಉದ್ದೇಶವಾಗಿದೆ.

೧. ನಾಡು ಮತ್ತು ಆಧಾರಗಳು

ಈ ಗಂಗರು ಆಳಿದ ನಾಡಿಗೆ ಮಂಡಲಿ ಸಾಸಿರವೆಂದು ಹೆಸರು. ಮಂಡಲಿಯೆಂಬ ಹೆಸರು ಇಂದಿಗೂ ಶಿವಮೊಗ್ಗ ನಗರದ ಒಂದು ಭಾಗಕ್ಕೆ ಉಳಿದು ಬಂದಿದೆ. ಸಾಸಿರದೊಳಗೆ ಎಡದೊರೆ ಎಪ್ಪತ್ತೆಂಬ ಒಳನಾಡೊಂದು ಶಾಸನಗಳಲ್ಲಿ ಉಕ್ತವಾಗಿದೆ. ತೊರೆಗಳ ಎಡೆಯಲ್ಲಿರುವ ನಾಡು ಎಂದು ಆ ಹೆಸರಿಗೆ ಅರ್ಥಮಾಡುವುದಾದರೆ, ಪಶ್ಚಿಮಕ್ಕೆ ತುಂಗೆ, ಪೂರ್ವಕ್ಕೆ ಭದ್ರೆ, ಉತ್ತರಕ್ಕೆ ಅವೆರಡೂ ಕೂಡುವ ಕೂಡಲಿ, ಹೀಗಿರುವ ಈ ಪ್ರದೇಶಕ್ಕೆ ಅದು ಎಷ್ಟು ಒಪ್ಪುವುದೆಂಬುದನ್ನು ಬೇರೆಯಾಗಿ ಹೇಳಬೇಕಾದುದಿಲ್ಲ. ಸಾಸಿರ, ಎಪ್ಪತ್ತು ಎಂಬ ಸಂಖ್ಯೆಗಳು ಊರುಗಳ ಎಣಿಕೆಯೋ ಆದಾಯದ ಪ್ರಮಾಣವೋ ಎಂಬ ವಿಷಯದಲ್ಲಿ ವಿದ್ವಾಂಸರಲ್ಲಿ ಏಕಾಭಿಪ್ರಾಯವಿಲ್ಲ. ನಾಡಿನ ಹಿರಿಮೆ ಕಿರಿಮೆಗಳನ್ನು ಹೋಲಿಸಿ ನೋಡುವುದಕ್ಕೆ ಮಾತ್ರ ಅವು ಸಾಲುತ್ತವೆ. ಬನವಾಸಿಯು ಪನ್ನಿರ್ಛಾಸಿರ, ಗಂಗವಾಡಿಯು ತೊಂಬತ್ತಾರು ಸಾಸಿರ. ತೊಂಬತ್ತಾರು ಸಾಸಿರಕ್ಕೆ ಒಡೆಯರಾಗಿದ್ದವರ ವಂಶೀಕರು ಒಂದು ಸಾಸಿರಕ್ಕೆ ಒಡೆಯರಾದರೆಂಬಲ್ಲಿಯೇ ಅವರ ಭಾಗ್ಯದ ಇಳಿತವು ತಿಳಿಯುತ್ತದೆ.

ಈ ಮನೆತನದ ಶಾಸನಗಳನ್ನು ಮೊದಲು ಬೆಳಕಿಗೆ ತಂದವರು ಬಿ. ಎಲ್. ರೈಸ್ ಅವರು. ೧೯೦೨ರಲ್ಲಿ ಪ್ರಕಟವಾದ ಎಪಿಗ್ರಾಫಿಯಾ ಕರ್ನಾಟಿಕಾದ ಏಳನೆಯ ಸಂಪುಟದಲ್ಲಿ ಶಿವಮೊಗ್ಗ ತಾಲ್ಲೂಕಿನ ಶಾಸನಗಳು ಅಚ್ಚಾಗಿವೆ. ಕಲ್ಲೂರುಗುಡ್ಡ, ಬನ್ನಿಕೆರೆ, ತಟ್ಟೆಕೆರೆ, ಪುರಲೆ, ನಿದಿಗೆ ಮೊದಲಾದ ಊರುಗಳ ಶಾಸನಗಳು ನಮಗೆ ಮುಖ್ಯವಾದವು. ಇವುಗಳಲ್ಲಿ ಕಲ್ಲೂರುಗುಡ್ಡದ ಸಿದ್ಧೇಶ್ವರ ದೇವಾಲಯದ ಬಳಿ ದೊರೆತ ಶಾಸನವೇ ಎಲ್ಲಕ್ಕಿಂತ ದೀರ್ಘವಾದುದು, ಎಲ್ಲಕ್ಕಿಂತ ಪ್ರಸಿದ್ಧವಾದುದು. ಇದರ ಕಾಲವು ಶಕ ೧೦೪೩, ಎಂದರೆ ಕ್ರಿ.ಶ. ೧೧೨೧-೨೨. ಜೈನ ಬಸದಿಯ ದತ್ತಿಯನ್ನು ಹೇಳುವ ಕಲ್ಲು ಶಿವಾಲಯದ ಬಳಿ ನಿಂತಿರುವುದು ಈ ನಾಡಿನ ಮುಂದಿನ ಧಾರ್ಮಿಕ ಪರಿವರ್ತನೆಗೆ ಒಂದು ಕುರುಹು.

೨. ಕುಟುಂಬ

ಶಾಸನಗಳ ಪ್ರಕಾರ ಈ ಮನೆತನದಲ್ಲಿ ಮೊದಲು ಖಚಿತವಾಗಿ ಕಾಣಬರುವವನು ಬರ್ಮದೇವ. ಅವನ ರಾಣಿ ಗಂಗಮಹಾದೇವಿ. ಈ ದಂಪತಿಗಳಿಗೆ ಮಾರಸಿಂಗ, ನನ್ನಿಯ ಗಂಗ, ರಕ್ಕಸ ಗಂಗ, ಭುಜಬಲ ಗಂಗ ಎಂದು ನಾಲ್ವರು ಮಕ್ಕಳು. ಕಡೆಯವನಾದ ಭುಜಬಲ ಗಂಗನೇ ನಮ್ಮ ಪ್ರಬಂಧದ ನಾಯಕ. ಅವನ ಮಗನಿಗೂ ದೊಡ್ಡಪ್ಪನ ಹೆಸರಾದ ನನ್ನಿಯ ಗಂಗನೆಂಬುದೇ ಹೆಸರು. ಕಲ್ಲೂರುಗುಡ್ಡದ ಶಾಸನವು ಹುಟ್ಟಿದುದು ಈ ಕಿರಿಯ ನನ್ನಿಯ ಗಂಗನ ಕಾಲದಲ್ಲಿ.

ಹೆಸರುಗಳ ವಿಷಯದಲ್ಲಿ ವಿದ್ಯಾರ್ಥಿಗಳು ಎಚ್ಚರಿಕೆಯಿಂದಿರತಕ್ಕದ್ದು. ಪೆರ್ಮಾಡಿ ಅಥವಾ ಪೆರ್ಮಾನಡಿ ಎಂಬುದು ವ್ಯಕ್ತಿನಾಮವಲ್ಲ, ಗಂಗರ ಕುಲಬಿರುದು. ಭುಜಬಲವೆಂದರೆ ತೋಳ್ಬಲವುಳ್ಳವನು, ನನ್ನಿಯೆಂದರೆ ಸತ್ಯ, ರಕ್ಕಸನೆಂದರೆ ಶತ್ರುಗಳಿಗೆ ರಾಕ್ಷಸಪ್ರಾಯನಾದವನು. ಇವೆಲ್ಲವೂ ಬಿರುದುಗಳೇ ಹೆಸರಾಗಿ ನಿಂತವು. ಬರ್ಮದೇವನನ್ನೂ ಭುಜಬಲ ಗಂಗನೆಂದು ಕರೆದಿರುವುದುಂಟು. ತಂದೆಯ ಬಿರುದು ಮಗನಿಗೂ, ದೊಡ್ಡಪ್ಪನ ಹೆಸರು ತಮ್ಮನ ಮಗನಿಗೂ ಸಂದಿರುವುದರಿಂದ ಒಬ್ಬನ ಕಾರ್ಯವನ್ನು ಇನ್ನೊಬ್ಬನಿಗೆ ಆರೋಪಿಸುವ ಅಪಾಯವು ಇಲ್ಲಿ ಹೆಜ್ಜೆಹೆಜ್ಜೆಗೂ ಇದೆ. ಚಾಲುಕ್ಯ ಮೊದಲನೆಯ ಸೋಮೇಶ್ವರನ ಮಗನಾದ ಆರನೆಯ ವಿಕ್ರಮಾದಿತ್ಯನೇ ರಾಜಕುಮಾರನಾಗಿ ಗಂಗವಾಡಿಯನ್ನು ಆಳುತ್ತಿದ್ದಾಗ ಚಾಲುಕ್ಯ ಗಂಗ ಪೆರ್ಮಾನಡಿಯೆಂದು ಕರೆದುಕೊಂಡನು. ರಾಜ್ಯವಳಿದ ಅರ್ಧ ಶತಮಾನದ ಮೇಲೆ ಚಕ್ರವರ್ತಿಯ ಮಗನೊಬ್ಬನು ಆಸೆಪಟ್ಟು ಧರಿಸುವಷ್ಟು ಗೌರವವು ಆ ಬಿರುದಿಗೆ ಉಳಿದಿದ್ದಿತು.

ನೆರೆಯ ಸಾಂತರರೊಡನೆ ಈ ಹೆಸರುಗಳನ್ನು ಹೋಲಿಸುವುದು ಉಪಯುಕ್ತವಾಗಿದೆ. ಹೊಂಬುಜದ ವೀರಸಾಂತರನಿಗೂ ನಾಲ್ವರು ಮಕ್ಕಳು: ಭುಜಬಲ ಸಾಂತರನೆನಿಸಿದ ತೈಲ, ನನ್ನಿ ಸಾಂತರನೆನಿಸಿದ ಗೊಗ್ಗಿಗ, ವಿಕ್ರಮ ಸಾಂತರನೆನಿಸಿದ ಒಡ್ಡುಗ, ಮತ್ತು ಬರ್ಮ. ಇವರ ತಾಯಿ ವೀರಲದೇವಿಯೂ ದೊಡ್ಡಮ್ಮ ಚಟ್ಟಲದೇವಿಯೂ ಗಂಗಕುಲದ ಅರುಮೊಳಿದೇವ ಗಾವಬ್ಬರಸಿಯರ ಮಕ್ಕಳು. ಗಂಗ ದೊರೆಯಾದ ರಕ್ಕಸಗಂಗನ ಆಶ್ರಯದಲ್ಲಿ ಬೆಳೆದವರು. ತಂಗಿ ತೀರಿಕೊಂಡ ಮೇಲೆ ಚಟ್ಟಲದೇವಿಯು ಆ ನಾಲ್ವರನ್ನು ತನ್ನ ಮಕ್ಕಳಂತೆಯೇ ಸಲಹಿ, ಅವರೊಡಗೂಡಿ ಕ್ರಿ.ಶ. ೧೦೭೭ರಲ್ಲಿ ಹೊಂಬುಜದ ಪಂಚಕೂಟ ಬಸದಿಯನ್ನು ಕಟ್ಟಿಸಿದಳು. ಗಂಗರ ಹೆಣ್ಣುಮಕ್ಕಳು ಸಾಂತರರ ಅರಮನೆಗೆ ಹೋದಾಗ ಗಂಗರ ಬಿರುದುಗಳೂ ಗಂಗರ ಕುಲಕಥೆಯೂ ಅವರೊಡನೆ ಹೋದವೆಂಬುದನ್ನು ಮುಂದೆ ನೋಡೋಣ.

ಭುಜಬಲ ಗಂಗನ ಪಟ್ಟದರಸಿಗೂ ಗಂಗಮಹಾದೇವಿಯೆಂದೇ ಹೆಸರು. ಇದು ಪಟ್ಟದರಸಿಯ ಪದವಿಗೆ ಸಲ್ಲುತ್ತಿದ್ದ ಹೆಸರಾಗಿರಬಹುದು. ಅವನ ಇನ್ನೊಬ್ಬ ಪತ್ನಿ ಬಾಚಲದೇವಿ. ಇವಳಿಗೆ ಪಾತ್ರಜಗದಳೆ ಎಂಬ ಬಿರುದು ಸಲ್ಲುವುದರಿಂದ ಇವಳು ನೃತ್ಯಕಲೆಯಲ್ಲಿ ಪ್ರವೀಣೆಯಾಗಿದ್ದಳೆಂದು ತಿಳಿಯಬೇಕಾಗುತ್ತದೆ. ಬಾಚಲದೇವಿಯು ತನ್ನ ಅಣ್ಣನಾದ ಬಾಹುಬಲಿಯ ನೆರವಿನಿಂದ ಬನ್ನಿಕೆರೆಯಲ್ಲಿ ಒಂದು ಚೈತ್ಯಾಲಯವನ್ನು ಕಟ್ಟಿಸಿದಳು. ಕ್ರಿ.ಶ. ೧೧೧೩ರ ಬನ್ನಿಕೆರೆಯ ಶಾಸನವು ಆ ಬಸದಿಗೆ ಬಿಟ್ಟ ದತ್ತಿಯನ್ನು ತಿಳಿಸುತ್ತದೆ. ಆ ದತ್ತಿಯಲ್ಲಿ ದೊರೆಯೊಡನೆ ಪಟ್ಟದರಸಿಯೂ ಪಾಲ್ಗೊಂಡಿರುವುದು ಗಮನಾರ್ಹವಾದುದು. ಕಲೆಯಿಂದ ಬಿರುದು ಪಡೆದ ಹೆಣ್ಣೊಬ್ಬಳು ರಾಣಿವಾಸದ ಗೌರವವನ್ನು ಪಡೆದು, ತನ್ನ ಹೆಸರಿನಲ್ಲಿಯೇ ಧರ್ಮಕಾರ್ಯವನ್ನು ಮಾಡಿಸಿ, ಅದಕ್ಕೆ ಪಟ್ಟದರಸಿಯ ಸಮ್ಮತಿಯನ್ನೂ ಪಡೆಯುವುದು ಆ ಕಾಲದ ಸಾಮಾಜಿಕ ಜೀವನದ ಅಭ್ಯಾಸಿಗಳಿಗೆ ಬೆಲೆಯುಳ್ಳ ಸಂಗತಿಯಾಗಿದೆ.

ಮನೆತನದ ಸೇವಕವರ್ಗವೂ ಶಾಸನಗಳಲ್ಲಿ ಮರೆಯಾಗಿಲ್ಲ. ತಟ್ಟೆಕೆರೆಯ ಶಾಸನದಲ್ಲಿ ಗಂಗ ಪೆರ್ಮಾಡಿಯ ಮಂತ್ರಿಯಾದ ಪೆರ್ಗಡೆ ನೊಕ್ಕಯ್ಯನು ಬಸದಿಯನ್ನು ಕಟ್ಟಿಸಿದ ವಿಷಯವಿದೆ. ಕ್ರಿ.ಶ. ೧೦೬೨ರ ಹೊಂಬುಜದ ಶಾಸನದಲ್ಲಿ ಬರುವ ಪಟ್ಟಣಸ್ವಾಮಿ ನೊಕ್ಕಯ್ಯಸೆಟ್ಟಿಯೊಡನೆ ಇವನನ್ನು ಒಂದುಮಾಡಬಾರದು. ಅವನು ಸಾಂತರರ ಪಟ್ಟಣದ ವರ್ತಕಮುಖ್ಯ. ಇವನು ಗಂಗರ ಆಡಳಿತದ ಅಧಿಕಾರಿ.

೩. ಸಾಮಂತನ ಬಾಳು

ಭುಜಬಲ ಗಂಗನು ಮಹಾಮಂಡಲೇಶ್ವರನಾಗಿದ್ದನೆಂದರೆ ಅವನ ಬಾಳು ಯುದ್ಧಸನ್ನದ್ಧವಾದ ಬಾಳೆಂದೇ ಅರ್ಥ. ಕಲ್ಯಾಣದ ಚಾಲುಕ್ಯರ ವ್ಯವಸ್ಥೆಯಲ್ಲಿ ಮಹಾಮಂಡಲೇಶ್ವರನು ತನ್ನ ನಾಡಿನ ತೆರಿಗೆಯನ್ನೆತ್ತಿ, ನ್ಯಾಯವನ್ನು ನಡೆಸಿ, ಚಕ್ರವರ್ತಿಯು ಕರೆದಾಗ ತನ್ನ ಪಡೆಯೊಡನೆ ಹೋಗಬೇಕಾಗಿದ್ದಿತು. ಅವನ ಮೇಲೆ ಬನವಾಸಿ ಪನ್ನಿರ್ಛಾಸಿರದ ಅಧಿಕಾರಿಗಳು ಬಳ್ಳಿಗಾವೆಯಲ್ಲಿ ಕುಳಿತು ಮೇಲ್ವಿಚಾರಣೆಯನ್ನು ನಡೆಸುತ್ತಿದ್ದರು. ಇಮ್ಮಡಿ ಸೋಮೇಶ್ವರನ ಕಾಲದಲ್ಲಿ, ಎಂದರೆ ೧೦೬೮ರಿಂದ ೧೦೭೬ರ ಒಳಗೆ, ಗಂಗಕುಲದವನೇ ಆದ ಉದಯಾದಿತ್ಯನೆಂಬ ಪ್ರಬಲನು ಬನವಾಸಿ, ಸಾಂತಳಿಗೆ, ಮಂಡಲಿ ನಾಡುಗಳನ್ನೆಲ್ಲ ಒಟ್ಟಾಗಿ ಆಳಿದನು. ಸೊರಬದ ಕಡೆ ಉದ್ಧರೆಯಲ್ಲಿ ಆಳಿದ ಎಕ್ಕಲರಸನ ಮನೆತನವೂ ತನ್ನನ್ನು ಗಂಗಕುಲದ್ದೆಂದೇ ಹೇಳಿಕೊಂಡಿತು. ಇದರಿಂದ, ರಾಜ್ಯಭ್ರಷ್ಟರಾದ ಗಂಗರು ಚಾಲುಕ್ಯರ ಆಶ್ರಯವನ್ನು ಸೇರಿ, ಚೋಳರ ವಿರುದ್ಧವಾಗಿ ಅವರಿಗೆ ನೆಚ್ಚಿನ ಸೈನಿಕರಾಗಿ, ಮಲೆನಾಡಿನ ಅಂಚಿನ ನಾಡುಗಳನ್ನು ಪಡೆದರೆಂದು ಊಹಿಸುವುದು ಅಸಂಗತವಾಗಲಾರದು.

ನಾಡು ಚಿಕ್ಕದಾದರೂ ಬಿರುದುಗಳು ಚಿಕ್ಕವಾಗಲಿಲ್ಲ. ಕುವಳಾಲಪುರವರೇಶ್ವರ, ನಂದಗಿರಿನಾಥ ಎಂಬ ಹಳೆಯ ಬಿರುದುಗಳನ್ನು ಮಂಡಲಿಯ ಗಂಗರು ಬಿಡದೆ ಉಳಿಸಿಕೊಂಡರು. ಕುವಳಾಲವೆಂದರೆ ಕೋಲಾರ, ನಂದಗಿರಿಯೆಂದರೆ ನಂದಿಬೆಟ್ಟ. ಅವೆರಡೂ ಅವರ ಕೈಬಿಟ್ಟು ನೂರು ವರ್ಷಗಳಾಗಿದ್ದವು. ತುಂಗೆಯ ದಡದಲ್ಲಿ ಕುಳಿತ ಸಾಮಂತನೊಬ್ಬನು ಕೋಲಾರದ ಒಡೆಯನೆಂದು ಕರೆಸಿಕೊಳ್ಳುವುದನ್ನು ಬರಿಯ ಆಡಂಬರವೆಂದು ತಳ್ಳಿಹಾಕುವುದು ಸುಲಭ. ಆದರೆ ಸಾಮಂತರ ಸಭೆಯಲ್ಲಿ ಆಸನವು ನಿಶ್ಚಯವಾಗುತ್ತಿದ್ದುದು ನಾಡಿನ ವಿಸ್ತಾರದಿಂದ ಮಾತ್ರವಲ್ಲ, ಕುಲದ ಹಿರಿತನದಿಂದಲೂ ಹೌದು. ನೆಲವನ್ನು ಕಳೆದುಕೊಂಡವರಿಗೆ ಹೆಸರೇ ಆಸ್ತಿ.

೪. ಪಟ್ಟದ ಬಸದಿ

ಈ ಮನೆತನದ ನಾಲ್ಕಾರು ದಶಕಗಳ ಚರಿತ್ರೆಯೆಲ್ಲ ಒಂದು ಬಸದಿಯ ಸುತ್ತ ಹೆಣೆದುಕೊಂಡಿದೆ. ಕಲ್ಲೂರುಗುಡ್ಡದ ಶಾಸನದ ಪ್ರಕಾರ, ಮಂಡಲಿಯ ಬೆಟ್ಟದ ಮೇಲಣ ಬಸದಿಯನ್ನು ಮೊದಲು ಸ್ಥಾಪಿಸಿದವರು ಗಂಗರಾಜ್ಯದ ಮೂಲಪುರುಷರಾದ ದಡಿಗ ಮಾಧವರು. ಗಂಗವಂಶದ ಅರಸರು ಅದರ ಪೂಜೆಯನ್ನು ನಡೆಸಿಕೊಂಡು ಬಂದು, ಬಳಿಕ ಅದನ್ನು ಮರದಿಂದ ಕಟ್ಟಿಸಿದರು. ಎಡದೊರೆ ಎಪ್ಪತ್ತರಲ್ಲಿ ಇದ್ದ ಮತ್ತು ಮುಂದೆ ಆಗುವ ಬಸದಿಗಳಿಗೆಲ್ಲ ಇದೇ ಮುಖ್ಯವೆಂದು ವಿಧಿಸಿ, ಬರ್ಮದೇವನು ಇದಕ್ಕೆ ಪಟ್ಟದ ಬಸದಿಯೆಂಬ ಹೆಸರನ್ನಿಟ್ಟು ಭೂಮಿಯನ್ನು ಬಿಟ್ಟನು. ಅವನ ಮಕ್ಕಳ ದತ್ತಿಗಳೂ ಅದಕ್ಕೆ ಸೇರುತ್ತ ಬಂದವು. ಕಡೆಗೆ ಕಿರಿಯ ನನ್ನಿಯ ಗಂಗನು ಆ ಮರದ ಬಸದಿಯನ್ನು ಕಲ್ಲಿನಲ್ಲಿ ಕಟ್ಟಿಸಿ, ಅದಲ್ಲದೆ ಇಪ್ಪತ್ತೈದು ಚೈತ್ಯಾಲಯಗಳನ್ನೂ ಮಾಡಿಸಿದನು. ಅವನ ಗುರು ಪ್ರಭಾಚಂದ್ರ ಸಿದ್ಧಾಂತದೇವರು. ಮೂಲಸಂಘದ ಕಾಣೂರ್ಗಣ ಮೇಷಪಾಷಾಣಗಚ್ಛಕ್ಕೆ ಸೇರಿದವರು.

ಪಟ್ಟದ ಬಸದಿ ಎಂಬ ಹೆಸರನ್ನು ಗಮನಿಸತಕ್ಕದ್ದು. ಪಟ್ಟವೆಂದರೆ ರಾಜತ್ವದ ಚಿಹ್ನೆ. ತಲಕಾಡಿನ ಪಟ್ಟವು ಹೋದ ಮೇಲೆ ಪಟ್ಟದ ಬಸದಿಯೊಂದನ್ನು ಮಂಡಲಿಯಲ್ಲಿ ನಿಲ್ಲಿಸಿಕೊಂಡದ್ದು ಈ ಮನೆತನದ ಮನೋಭಾವವನ್ನು ಚೆನ್ನಾಗಿ ಸೂಚಿಸುತ್ತದೆ.

೫. ಮೂಲಕಥೆ ಮತ್ತು ಅದರ ಕಾಲ

ಇನ್ನು ಕಲ್ಲೂರುಗುಡ್ಡದ ಶಾಸನದ ಪ್ರಸಿದ್ಧಿಗೆ ಕಾರಣವಾದ ಕಥೆಯನ್ನು ಪರಿಶೀಲಿಸಬೇಕು. ಇಕ್ಷ್ವಾಕುವಂಶದಲ್ಲಿ ಗರ್ಭಿಣಿಯಾದ ರಾಣಿಯೊಬ್ಬಳು ಗಂಗೆಯಲ್ಲಿ ಮಿಂದು ಪಡೆದ ಮಗನು ಗಂಗದತ್ತನೆನಿಸಿದನು. ಅವನಿಂದ ವಂಶಕ್ಕೆ ಗಂಗವೆಂಬ ಹೆಸರಾಯಿತು. ಬಹುಕಾಲದ ಮೇಲೆ ಅಹಿಚ್ಛತ್ರದಲ್ಲಿ ಆಳುತ್ತಿದ್ದ ಪದ್ಮನಾಭನ ಮೇಲೆ ಉಜ್ಜಯಿನಿಯ ಮಹೀಪಾಲನು ದಂಡೆತ್ತಿ ಬಂದು ಇಂದ್ರದತ್ತವಾದ ಆಭರಣಗಳನ್ನು ಕೇಳಲು, ಪದ್ಮನಾಭನು ತನ್ನ ಇಬ್ಬರು ಮಕ್ಕಳಿಗೆ ದಡಿಗ ಮಾಧವರೆಂದು ಹೆಸರಿಟ್ಟು ದಕ್ಷಿಣಕ್ಕೆ ಕಳುಹಿಸಿದನು. ಅವರು ಪೇರೂರಿನಲ್ಲಿ ಸಿಂಹನಂದ್ಯಾಚಾರ್ಯರನ್ನು ಕಂಡರು. ಮಾಧವನು ಒಂದೇ ಹೊಡೆತಕ್ಕೆ ಕಲ್ಲಿನ ಕಂಬವನ್ನು ಕಡಿದನು. ಆಚಾರ್ಯರು ಕರ್ಣಿಕಾರದ ಎಸಳುಗಳಿಂದ ಕಿರೀಟವನ್ನು ಕಟ್ಟಿ, ತಮ್ಮ ಕುಂಚವನ್ನೇ ಧ್ವಜವಾಗಿ ಕೊಟ್ಟು, ಆಡಿದ ಮಾತಿಗೆ ತಪ್ಪಿದರೆ, ಜಿನಶಾಸನವನ್ನು ಬಿಟ್ಟರೆ, ಪರಸ್ತ್ರೀಯರನ್ನು ಹಿಡಿದರೆ, ಮಧುಮಾಂಸಗಳನ್ನು ಸೇವಿಸಿದರೆ, ಬೇಡಿದವರಿಗೆ ಕೊಡದಿದ್ದರೆ, ಕಾಳಗದಲ್ಲಿ ಓಡಿದರೆ ಕುಲವು ಕೆಡುವುದೆಂದು ಎಚ್ಚರಿಸಿದರು.

ಈ ಕಥೆಯನ್ನು ನಮ್ಮ ಪಠ್ಯಗ್ರಂಥಗಳು ಕ್ರಿ.ಶ. ನಾಲ್ಕನೆಯ ಶತಮಾನದ ಪ್ರಕರಣದಲ್ಲಿ ಕೊಡುತ್ತವೆ. ಆದರೆ ಇದು ಈ ವಿಸ್ತಾರದಲ್ಲಿ ಕಾಣುವುದು ೧೧೨೧ರಲ್ಲಿ, ಎಂದರೆ ಸುಮಾರು ಏಳುನೂರೈವತ್ತು ವರ್ಷಗಳ ತರುವಾಯ. ಇದರ ಬೆಳವಣಿಗೆಯನ್ನು ಮೂರು ಪದರಗಳಾಗಿ ವಿಂಗಡಿಸಬಹುದು. ಗಂಗರ ಆದಿಕಾಲದ ತಾಮ್ರಶಾಸನಗಳಲ್ಲಿ ಕೊಂಗುಣಿವರ್ಮನು ಕಲ್ಲಿನ ಕಂಬವನ್ನು ಕಡಿದ ಮಾತು ಮಾತ್ರ ಇದೆ. ವಂಶವು ಜಾಹ್ನವೇಯ ಕುಲದ್ದು, ಕಾಣ್ವಾಯನ ಗೋತ್ರದ್ದು. ಸಿಂಹನಂದಿಯ ಸುಳಿವಿಲ್ಲ, ಅಹಿಚ್ಛತ್ರದ ಸುಳಿವೂ ಇಲ್ಲ. ಹತ್ತನೆಯ ಶತಮಾನದ ಉದಯೇಂದಿರಂ ಶಾಸನದಲ್ಲಿ ಸಿಂಹನಂದಿಯ ಹೆಸರು ಗಂಗವಂಶದ ಏಳಿಗೆಗೆ ಕಾರಣವಾಗಿ ಸೇರುತ್ತದೆ. ಹನ್ನೆರಡನೆಯ ಶತಮಾನದ ಕಲ್ಲೂರುಗುಡ್ಡದಲ್ಲಿ ಇಕ್ಷ್ವಾಕುವಂಶ, ಇಂದ್ರನ ಆಭರಣ, ದಡಿಗ ಮಾಧವರ ಪ್ರಯಾಣ, ಕರ್ಣಿಕಾರದ ಕಿರೀಟ ಇವೆಲ್ಲವೂ ಸೇರಿ ಕಥೆಯು ಪೂರ್ಣವಾಗುತ್ತದೆ. ಕಾಲವು ದೂರವಾದಂತೆ ವಿವರಗಳು ಹೆಚ್ಚಿದರೆ, ಆ ವಿವರಗಳನ್ನು ಮೂಲಕಾಲದ ಸಾಕ್ಷ್ಯವೆಂದು ಸ್ವೀಕರಿಸುವುದು ಕಷ್ಟ.

ಹಾಗಾದರೆ ಕಥೆಯು ಅಂದು, ಅಲ್ಲಿ ಏಕೆ ಬೆಳೆಯಿತು? ಮೂರು ಕಾರಣಗಳನ್ನು ಸೂಚಿಸಬಹುದು.

ಮೊದಲನೆಯದು ಬಸದಿಯ ಹಿತ. ಮಂಡಲಿಯ ಬಸದಿಯನ್ನು ಸ್ವತಃ ದಡಿಗ ಮಾಧವರೇ ಸ್ಥಾಪಿಸಿದರೆಂದರೆ ಅದರ ಭೂಮಿಯ ಹಕ್ಕು ರಾಜ್ಯದಷ್ಟೇ ಹಳೆಯದಾಗುತ್ತದೆ. ನಾಡಿನ ಒಡೆತನವು ಬದಲಾದರೂ ಅಂಥ ದತ್ತಿಯನ್ನು ಮುಟ್ಟಲು ಯಾರಾದರೂ ಹಿಂಜರಿಯುವರು.

ಎರಡನೆಯದು ಗಣದ ಹಿತ. ಕಲ್ಲೂರುಗುಡ್ಡದಲ್ಲಿ ಸಿಂಹನಂದಿಯು ಕಾಣೂರ್ಗಣದ ಆಚಾರ್ಯನಾಗಿ ಕಾಣುತ್ತಾನೆ. ದತ್ತಿಯನ್ನು ಪಡೆದ ಪ್ರಭಾಚಂದ್ರರೂ ಅದೇ ಗಣದವರು. ಆದರೆ ನಲವತ್ತು ವರ್ಷಗಳಿಗೂ ಹಿಂದೆ, ೧೦೭೭ರ ಹೊಂಬುಜದ ಶಾಸನಗಳಲ್ಲಿ, ಗಂಗರಾಜ್ಯವನ್ನು ಮಾಡಿದ ಸಿಂಹನಂದಿಯು ಚಟ್ಟಲದೇವಿಯ ಗುರುಗಳಾದ ಅರುಂಗಳಾನ್ವಯದವರ ಪರಂಪರೆಯಲ್ಲಿ ಸ್ಮೃತನಾಗಿದ್ದಾನೆ. ಒಂದೇ ಜಿಲ್ಲೆಯಲ್ಲಿ, ರಕ್ತಸಂಬಂಧವುಳ್ಳ ಎರಡು ಮನೆತನಗಳ ಆಶ್ರಯದಲ್ಲಿ, ಎರಡು ಬೇರೆ ಬೇರೆ ಪರಂಪರೆಗಳು ಒಬ್ಬನೇ ಆಚಾರ್ಯನನ್ನು ತಮ್ಮವನೆಂದು ಹೇಳುತ್ತಿದ್ದವು. ಇಂಥ ಸ್ಪರ್ಧೆಯಲ್ಲಿ ಕಥೆಯು ವಿಸ್ತಾರಗೊಳ್ಳುವುದು ಸಹಜವೇ ಸರಿ.

ಮೂರನೆಯದು ಎಲ್ಲಕ್ಕಿಂತ ಮುಖ್ಯವಾದುದೆಂದು ನಮಗೆ ತೋರುತ್ತದೆ. ಕ್ರಿ.ಶ. ೧೧೧೬ರಲ್ಲಿ ಹೊಯ್ಸಳ ವಿಷ್ಣುವರ್ಧನನು ದಂಡನಾಯಕ ಗಂಗರಾಜನ ಮೂಲಕ ಚೋಳರಿಂದ ತಲಕಾಡನ್ನು ಗೆದ್ದನು. ಅಂದಿನಿಂದ ಅವನು ತಳಕಾಡುಗೊಂಡನೆಂದೂ ಭುಜಬಳ ವೀರಗಂಗನೆಂದೂ ಕರೆಸಿಕೊಂಡನು. ೧೧೧೮ರಲ್ಲಿ ಗಂಗರಾಜನು ಕಣ್ಣೆಗಾಲದಲ್ಲಿ ಬೀಡುಬಿಟ್ಟಿದ್ದ ಚಾಲುಕ್ಯರ ದಂಡಿನ ಮೇಲೆ ಇರುಳು ಬಿದ್ದು ಅದನ್ನು ಚದುರಿಸಿದನು. ಮಂಡಲಿಯ ಗಂಗರ ಪ್ರಭುವಾದ ಚಕ್ರವರ್ತಿಗೂ ದಕ್ಷಿಣದಿಂದ ಏರಿಬರುತ್ತಿದ್ದ ಹೊಯ್ಸಳನಿಗೂ ನಡುವೆ ಅವರ ನಾಡು ಸಿಕ್ಕಿಕೊಂಡಿತು. ಅದಕ್ಕಿಂತ ಹೆಚ್ಚಾಗಿ, ಅವರ ಉಳಿದ ಆಸ್ತಿಯಾಗಿದ್ದ ಹೆಸರನ್ನೇ ಇನ್ನೊಬ್ಬನು ತನ್ನದೆನ್ನುತ್ತಿದ್ದನು. ಭುಜಬಲನೂ ಅವನೇ, ಗಂಗನೂ ಅವನೇ ಆದ ಮೇಲೆ ಭುಜಬಲ ಗಂಗನ ಮಗನಿಗೆ ಉಳಿದದ್ದೇನು? ತಲಕಾಡು ಬಿದ್ದ ಐದು ವರ್ಷಗಳೊಳಗೆ ನನ್ನಿಯ ಗಂಗನ ಬಸದಿಯ ಶಾಸನವು ಇಕ್ಷ್ವಾಕುವಿನಿಂದ ಮೊದಲುಮಾಡಿ ಬರ್ಮದೇವನ ಮಕ್ಕಳವರೆಗೆ ವಂಶಾವಳಿಯನ್ನು ಬಿಡದೆ ಹೇಳುವುದನ್ನು ಈ ಹಿನ್ನೆಲೆಯಲ್ಲಿ ಓದಬೇಕು. ನೆಲವನ್ನು ಗೆದ್ದವನು ಬಿರುದನ್ನು ಧರಿಸಬಹುದು. ಆದರೆ ವಂಶವು ಮಂಡಲಿಯಲ್ಲಿದೆ ಎಂಬುದು ಆ ಕಲ್ಲಿನ ಅಭಿಪ್ರಾಯವೆಂದು ನಾವು ಗ್ರಹಿಸುತ್ತೇವೆ. ಇದು ಅನುಮಾನವೇ ಹೊರತು ಶಾಸನದ ಸ್ಪಷ್ಟೋಕ್ತಿಯಲ್ಲ. ಆದರೂ ಕಾಲ, ದೇಶ, ಬಿರುದು ಈ ಮೂರರ ಹೊಂದಿಕೆಯು ಆಕಸ್ಮಿಕವೆಂದು ಹೇಳುವುದು ಕಷ್ಟ.

೬. ಉಪಸಂಹಾರ

೧೧೨೬ರಲ್ಲಿ ವಿಕ್ರಮಾದಿತ್ಯನ ಆಳ್ವಿಕೆಯು ಕೊನೆಗೊಂಡಿತು. ಮುಂದೆ ಹೊಯ್ಸಳರ ಪ್ರಭುತ್ವವು ಈ ನಾಡಿನಲ್ಲಿ ನೆಲೆಗೊಂಡಿತು. ಭದ್ರಾವತಿಯಲ್ಲಿರುವ ಹದಿಮೂರನೆಯ ಶತಮಾನದ ಲಕ್ಷ್ಮೀನರಸಿಂಹ ದೇವಾಲಯವು ಅದಕ್ಕೆ ನಿಂತ ಸಾಕ್ಷಿ. ಗಂಗರು ಪುನಃ ಸ್ವತಂತ್ರರಾಗಲಿಲ್ಲ.

ಮೇಲಣ ವಿವೇಚನೆಯಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಒಂದನೆಯದಾಗಿ, ಕಲ್ಲೂರುಗುಡ್ಡದ ಶಾಸನವನ್ನು ನಾಲ್ಕನೆಯ ಶತಮಾನದ ಘಟನೆಗಳಿಗೆ ಪ್ರಮಾಣವಾಗಿ ಉಪಯೋಗಿಸುವಾಗ ಬಹಳ ಜಾಗರೂಕತೆ ಬೇಕು. ಸಿಂಹನಂದಿಯೊಬ್ಬನು ಇರಲೇ ಇಲ್ಲವೆಂದು ಹೇಳಲು ನಮಗೆ ಅಧಿಕಾರವಿಲ್ಲ. ಆದರೆ ತರಗತಿಯಲ್ಲಿ ಆ ಕಥೆಯನ್ನು ಹೇಳುವ ಅಧ್ಯಾಪಕರು ಅದು ಯಾವ ಶತಮಾನದ ಬಾಯಿಂದ ಬಂದ ಮಾತೆಂಬುದನ್ನೂ ಹೇಳಬೇಕು. ಎರಡನೆಯದಾಗಿ, ಅದೇ ಶಾಸನವು ಹನ್ನೆರಡನೆಯ ಶತಮಾನದ ಒಂದು ಮನೆತನದ ಮನಸ್ಸಿಗೆ ಅಮೂಲ್ಯವಾದ ಪ್ರಮಾಣವಾಗಿದೆ. ನಾಲ್ವರು ಸೋದರರು, ಇಬ್ಬರು ಗಂಗಮಹಾದೇವಿಯರು, ಪಾತ್ರಜಗದಳೆ ಬಾಚಲದೇವಿ, ಪೆರ್ಗಡೆ ನೊಕ್ಕಯ್ಯ, ಇವರ ಬಾಳು ರಾಜ್ಯವನ್ನು ಕಟ್ಟಿದವರ ಬಾಳಲ್ಲ, ಕಳೆದ ರಾಜ್ಯದ ನೆನಪನ್ನು ಉಳಿಸಿಕೊಂಡವರ ಬಾಳು. ರಾಜ್ಯಗಳ ಏಳುಬೀಳುಗಳನ್ನು ಮಾತ್ರ ಚರಿತ್ರೆಯೆಂದು ಎಣಿಸಿದರೆ ಇಂಥವರಿಗೆ ಅದರಲ್ಲಿ ಸ್ಥಳವಿರುವುದಿಲ್ಲ. ಆದರೆ ತಲಕಾಡಿನ ಗಂಗರ ಆದಿಕಥೆಯೆಂದು ನಾವು ಓದುತ್ತಿರುವುದು ಈ ಮನೆತನವು ಉಳಿಸಿ ಬೆಳೆಸಿದ ರೂಪದಲ್ಲಿಯೇ ನಮಗೆ ದೊರೆತಿದೆ. ಶಿವಮೊಗ್ಗ ಭದ್ರಾವತಿಗಳ ಕಾಲೇಜು ವಿದ್ಯಾರ್ಥಿಗಳಿಗೆ ಈ ಶಾಸನಗಳ ಊರುಗಳು ದೂರದವಲ್ಲ. ಅಚ್ಚಾದ ಪಾಠವನ್ನು ಕೈಯಲ್ಲಿ ಹಿಡಿದು ಆ ಊರುಗಳನ್ನೂ ಅಲ್ಲಿನ ನೆಲವನ್ನೂ ನೋಡಿಬರುವುದರಿಂದ, ಎಡದೊರೆ ಎಪ್ಪತ್ತರ ಎಲ್ಲೆಗಳು ಮೊದಲಾದ ಅನೇಕ ವಿಷಯಗಳು ನಿಶ್ಚಯವಾಗುವ ಸಂಭವವಿದೆ. ಆ ಕಾರ್ಯಕ್ಕೆ ಈ ಲೇಖನವು ಒಂದು ಪ್ರೇರಣೆಯಾದರೆ ಶ್ರಮವು ಸಾರ್ಥಕವೆಂದು ಭಾವಿಸುತ್ತೇವೆ.